ಚಾಸಿಯಿಂದ ಮೇಲಕ್ಕೆ: ಎಂಜಿ ಟಿಸಿ ಕಾರಿನ ಜೀರ್ಣೋದ್ಧಾರ

ಹಳೆಯ ಕಾರಿಗೆ ಹೊಸ ಬಣ್ಣ ಬಳಿಸಿ, ಸೀಟಿಗೆ ಹೊಸ ಹೊದಿಕೆ ಹಾಕಿಸಿ ರಸ್ತೆಗೆ ಇಳಿಸುವುದು ಒಂದು ಬಗೆ. ಅದೇ ಕಾರನ್ನು ಕಟ್ಟಕಡೆಯ ಬೋಲ್ಟಿನವರೆಗೆ ಬಿಚ್ಚಿ, ಬರಿಯ ಉಕ್ಕಿನ ಚೌಕಟ್ಟು ಮಾತ್ರ ಉಳಿಯುವಂತೆ ಮಾಡಿ, ಅಲ್ಲಿಂದ ಒಂದೊಂದೇ ಭಾಗವನ್ನು ಕೂಡಿಸುತ್ತ ಮೇಲೇರುವುದು ಇನ್ನೊಂದು ಬಗೆ. ಈ ಎರಡನೆಯದನ್ನು ‘ಚಾಸಿಯಿಂದ ಮೇಲಕ್ಕೆ’ ನಡೆಸುವ ಜೀರ್ಣೋದ್ಧಾರ ಎನ್ನುತ್ತಾರೆ. ಮೊದಲನೆಯದಕ್ಕೆ ವಾರಗಳು ಸಾಕು. ಎರಡನೆಯದು ವರ್ಷಗಳನ್ನು ಬೇಡುತ್ತದೆ.

‘ಜೀರ್ಣೋದ್ಧಾರ’ ಎಂಬುದು ದೇವಾಲಯಗಳ ಸಂದರ್ಭದಲ್ಲಿ ನಮಗೆ ಚಿರಪರಿಚಿತವಾದ ಪದ. ಹಳೆಯ ಗುಡಿಯ ಯಾವ ಕಲ್ಲನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆ ಅಲ್ಲಿ ಎದುರಾಗುವಂತೆಯೇ ಇಲ್ಲಿಯೂ ಎದುರಾಗುತ್ತದೆ. ಎಲ್ಲವನ್ನೂ ಹೊಸದಾಗಿಸಿದರೆ ಉಳಿಯುವುದು ಹಳೆಯ ಕಾರೋ ಅಥವಾ ಅದರ ಹೊಸ ಪ್ರತಿಯೋ? ಈ ಪ್ರಶ್ನೆಗೆ ನ್ಯಾಯಾಲಯವೇ ಉತ್ತರ ಹೇಳಬೇಕಾಗಿ ಬಂದ ಪ್ರಸಂಗವೂ ಇದೆ. ಭಾರತದಲ್ಲಿ ವಿಂಟೇಜ್ ನೋಂದಣಿ ಬಯಸುವವರಿಗಂತೂ ಇದು ಕಾನೂನಿನ ಪ್ರಶ್ನೆಯೇ ಆಗಿದೆ.

ಬ್ರಿಟನ್ನಿನ ಪ್ರಸಿದ್ಧ ಸ್ಪೋರ್ಟ್ಸ್ ಕಾರು ಎಂಜಿ ಟಿಸಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಕೆಲಸದ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಟಿಸಿ?

‘ಎಂಜಿ’ ಎಂಬುದು ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಇದು ಆಕ್ಸ್‌ಫರ್ಡ್ ನಗರದಲ್ಲಿದ್ದ ವಿಲಿಯಂ ಮಾರಿಸ್ ಅವರ ಮಾರಾಟ ಹಾಗೂ ದುರಸ್ತಿ ಸಂಸ್ಥೆ. ಅದರ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳ ಯಂತ್ರಭಾಗಗಳನ್ನೇ ಬಳಸಿ ಹಗುರವಾದ, ಚುರುಕಾದ ಕಾರುಗಳನ್ನು ರೂಪಿಸತೊಡಗಿದರು. 1929ರಲ್ಲಿ ತಯಾರಿಕೆ ಸಮೀಪದ ಅಬಿಂಗ್ಡನ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿಯೇ ಟಿಸಿ ಮಾರುಕಟ್ಟೆಗೆ ಬಂದಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ಸಂಭವಿಸಿದ ರೈಲು ಅಪಘಾತದಲ್ಲಿ ಕಿಂಬರ್ ಮೃತಪಟ್ಟಿದ್ದರು. ಹೊಸ ವಿನ್ಯಾಸಕ್ಕೆ ಸಮಯವಾಗಲಿ ಸಾಮಗ್ರಿಯಾಗಲಿ ಇಲ್ಲದ ಕಾಲವದು. ಆದ್ದರಿಂದ ಯುದ್ಧಪೂರ್ವದ ಟಿಬಿ ಮಾದರಿಯನ್ನೇ ಒಳಗೆ ತುಸು ಅಗಲಗೊಳಿಸಿ, ಅಲ್ಲಲ್ಲಿ ಸುಧಾರಿಸಿ ಟಿಸಿ ಎಂದು ಹೆಸರಿಡಲಾಯಿತು. 1949ರವರೆಗೆ ಸುಮಾರು 10,000 ಕಾರುಗಳು ತಯಾರಾದವು. ಎಲ್ಲವೂ ಬಲಗಡೆ ಸ್ಟೀರಿಂಗ್ ಹೊಂದಿದ್ದವು. ಹೀಗಿದ್ದೂ ಎಡಗಡೆ ಸ್ಟೀರಿಂಗ್ ಬಳಸುವ ಅಮೆರಿಕಕ್ಕೆ ಸುಮಾರು 2,000 ಕಾರುಗಳು ಹೋದವು. ಅಲ್ಲಿ ಸ್ಪೋರ್ಟ್ಸ್ ಕಾರಿನ ಗೀಳು ಹಬ್ಬಿಸಿದ ಕೀರ್ತಿ ಟಿಸಿಗೆ ಸಲ್ಲುತ್ತದೆ. 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಅಮೆರಿಕದ ಫಿಲ್ ಹಿಲ್ ತಮ್ಮ ಸ್ಪರ್ಧಾಜೀವನದ ಆರಂಭದಲ್ಲಿ ಓಡಿಸಿದ್ದು ಟಿಸಿಯನ್ನೇ.

ಈ ಕಾರಿನಲ್ಲಿ ಚಾಸಿ ಬೇರೆ, ಮೈಕಟ್ಟು ಬೇರೆ. ಉಕ್ಕಿನ ಚೌಕಟ್ಟಿನ ಮೇಲೆ ಮರದ ಹಂದರ, ಅದರ ಮೇಲೆ ತಗಡಿನ ಹೊದಿಕೆ. ಹೀಗಾಗಿ ಎತ್ತಿನ ಗಾಡಿಯ ಮೇಲ್ಕಟ್ಟನ್ನು ಕಳಚುವಂತೆ ಇಡೀ ಮೈಕಟ್ಟನ್ನು ಎತ್ತಿ ಪಕ್ಕಕ್ಕಿಡಬಹುದು. ಚಾಸಿ ಹಾಗೂ ಮೈಕಟ್ಟು ಒಂದೇ ಆಗಿರುವ ಇಂದಿನ ಬಹುತೇಕ ಕಾರುಗಳಲ್ಲಿ ಇದು ಅಸಾಧ್ಯ.

ಬಿಚ್ಚುವ ಮೊದಲು ಬರಹ

ಜೀರ್ಣೋದ್ಧಾರದ ಮೊದಲ ಉಪಕರಣ ಸ್ಪ್ಯಾನರ್ ಅಲ್ಲ, ನೋಟ್‌ಬುಕ್. ಕಳಚಿ ಮರುಜೋಡಿಸುವ ಗುಡಿಯ ಕಲ್ಲುಗಳಿಗೆ ಮೊದಲೇ ಸಂಖ್ಯೆ ಬರೆಯುವಂತೆ, ಕಾರಿನ ಪ್ರತಿಯೊಂದು ಭಾಗವೂ ಅದಿದ್ದ ಜಾಗದಲ್ಲಿಯೇ ಛಾಯಾಚಿತ್ರದಲ್ಲಿ ದಾಖಲಾಗಬೇಕು. ಕಳಚಿದ ಬೋಲ್ಟುಗಳನ್ನು ಭಾಗವಾರು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಚೀಟಿ ಅಂಟಿಸಬೇಕು. ತುಕ್ಕು ತಿಂದ ಬ್ರಾಕೆಟ್ಟನ್ನೂ ಹರಿದ ಚರ್ಮವನ್ನೂ ಎಸೆಯುವಂತಿಲ್ಲ. ಹೊಸದನ್ನು ಮಾಡಿಸಲು ಅಳತೆಗೆ ಅದೇ ಆಧಾರ.

ಇದೇ ಹಂತದಲ್ಲಿ ಕಾರಿನ ಗುರುತನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಟಿಸಿಯ ಚಾಸಿ ಸಂಖ್ಯೆಯನ್ನು ಚೌಕಟ್ಟಿನ ಎಡ ಮುಂತುದಿಯ ಉಕ್ಕಿನ ಮೇಲೆಯೇ ಒತ್ತಲಾಗಿರುತ್ತದೆ. ಎಂಜಿನ್ ಸಂಖ್ಯೆ ಎಂಜಿನ್ನಿನ ಮೇಲಿನ ಎಂಟು ಮೂಲೆಯ ಫಲಕದಲ್ಲಿರುತ್ತದೆ. ಟಿಸಿಯ ಚಾಸಿ ಸಂಖ್ಯೆಗಳು 1ರಿಂದಲ್ಲ, 251ರಿಂದ ಆರಂಭವಾಗುತ್ತವೆ. ಅದು ಅಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆಯಾಗಿತ್ತು. ದಶಕಗಳ ತುಕ್ಕು ಹಾಗೂ ಬಣ್ಣದ ಪದರಗಳ ಕೆಳಗೆ ಈ ಅಂಕಿಗಳು ಮಸುಕಾಗಿರುತ್ತವೆ. ಗ್ರೈಂಡರ್ ಹಿಡಿದು ಅವಸರದಲ್ಲಿ ತುಕ್ಕು ಕೆರೆಯುವವರು ಕಾರಿನ ಗುರುತನ್ನೇ ಅಳಿಸಿಬಿಡುವ ಅಪಾಯವಿದೆ. ಆದ್ದರಿಂದ ಆ ಭಾಗವನ್ನು ಕೈಯಿಂದಲೇ, ಬಣ್ಣ ಕರಗಿಸುವ ದ್ರಾವಣ ಬಳಸಿ ಸ್ವಚ್ಛಗೊಳಿಸುವುದು ಕ್ಷೇಮ.

ಬರಿಯ ಚಾಸಿ

ಮೈಕಟ್ಟು, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳೆಲ್ಲ ಹೊರಬಂದ ಮೇಲೆ ಉಳಿಯುವುದು ಏಣಿಯಂತಹ ಚೌಕಟ್ಟು. ಎರಡು ಉದ್ದನೆಯ ತೊಲೆಗಳು, ಅವನ್ನು ಬೆಸೆಯುವ ಅಡ್ಡ ಕೊಳವೆಗಳು. ಟಿಸಿಯಲ್ಲಿ ಈ ತೊಲೆಗಳು ಹಿಂದಿನ ಆಕ್ಸಲ್‌ನ ಕೆಳಗಿನಿಂದ ಹಾದುಹೋಗುತ್ತವೆ. ಕಾರು ನೆಲಕ್ಕೆ ಅಷ್ಟು ತಗ್ಗಾಗಿ ಕೂತಂತೆ ಕಾಣಲು ಇದೇ ಕಾರಣ. ಹಿಂಬದಿ ಚಕ್ರಗಳು ಹೆಚ್ಚು ಮೇಲೆ ಕೆಳಗೆ ಆಡಲು ಅವಕಾಶ ಸಿಗದಿರುವುದಕ್ಕೂ ಇದೇ ಕಾರಣ.

ಮೊದಲ ಪರೀಕ್ಷೆ ನೇರಾನೇರ ಇದೆಯೇ ಎಂಬುದು. ಚಾಸಿಯನ್ನು ಸಮತಟ್ಟಾದ ನೆಲದ ಮೇಲೆ ಸ್ಟ್ಯಾಂಡ್‌ಗಳಲ್ಲಿರಿಸಿ, ಗಾರೆ ಕೆಲಸದವರು ಬಳಸುವ ತೂಕದ ಗುಂಡನ್ನು ಇಳಿಬಿಟ್ಟು, ಮುಖ್ಯ ರಂಧ್ರಗಳ ಸ್ಥಾನವನ್ನು ನೆಲದ ಮೇಲೆ ಗುರುತಿಸುತ್ತಾರೆ. ಬಳಿಕ ಮೂಲೆಯಿಂದ ಮೂಲೆಗೆ ಕರ್ಣಗಳನ್ನು ಅಳೆಯುತ್ತಾರೆ. ಎರಡು ಕರ್ಣಗಳು ಸಮವಾಗಿರದಿದ್ದರೆ ಹಳೆಯ ಅಪಘಾತವೊಂದು ಚೌಕಟ್ಟನ್ನು ಓರೆಯಾಗಿಸಿದೆ ಎಂದರ್ಥ. ಅದನ್ನು ಈ ಹಂತದಲ್ಲಿಯೇ ಸರಿಪಡಿಸದಿದ್ದರೆ ಮುಂದೆ ಬಾಗಿಲು ಕೂರುವುದಿಲ್ಲ, ಕಾರು ಒಂದು ಬದಿಗೆ ಎಳೆಯುತ್ತದೆ.

ಬಿರುಕುಗಳನ್ನು ಹುಡುಕುವುದು ಎರಡನೆಯ ಪರೀಕ್ಷೆ. ಸ್ಪ್ರಿಂಗ್ ಹಾಗೂ ಎಂಜಿನ್ ಕೂರುವ ಜಾಗಗಳು, ಅಡ್ಡ ಕೊಳವೆಗಳ ಸಂದುಗಳು ವಿಶೇಷ ಗಮನ ಬೇಡುತ್ತವೆ. ಕೊಳೆತ ಭಾಗವನ್ನು ಕತ್ತರಿಸಿ ಅದೇ ದಪ್ಪದ ಉಕ್ಕಿನ ತುಂಡನ್ನು ಬೆಸೆಯಬೇಕು. ವೆಲ್ಡಿಂಗ್ ಬಿಸಿಗೆ ಚೌಕಟ್ಟು ಸೊಟ್ಟಗಾಗುವುದರಿಂದ ಸ್ವಲ್ಪ ಸ್ವಲ್ಪವೇ ಬೆಸೆದು, ಆರಲು ಬಿಟ್ಟು, ಮತ್ತೆ ಅಳೆದು ಮುಂದುವರಿಯಬೇಕಾಗುತ್ತದೆ. ಇಡೀ ಚಾಸಿಯನ್ನು ಬದಲಿಸುವುದು ಇದಕ್ಕಿಂತ ಸುಲಭವಾಗಿ ಕಂಡರೂ, ಹಾಗೆ ಮಾಡಿದಾಗ ಕಾರಿನ ಗುರುತು ಹೊತ್ತ ಉಕ್ಕೇ ಹೊರಟುಹೋಗುತ್ತದೆ.

ಬಣ್ಣದ ವಿಷಯದಲ್ಲಿಯೂ ಭಿನ್ನಾಭಿಪ್ರಾಯವಿದೆ. ಪೌಡರ್ ಕೋಟಿಂಗ್ ಗಟ್ಟಿಮುಟ್ಟಾದುದು, ಆದರೆ ಅದರ ದಪ್ಪ ಪದರದ ಕೆಳಗೆ ಹೊಸ ಬಿರುಕು ಮೂಡಿದರೆ ಕಾಣದು. ಪದರ ಒಡೆದಲ್ಲಿ ನೀರು ನುಸುಳಿ ಒಳಗೊಳಗೇ ತುಕ್ಕು ಹರಡುತ್ತದೆ. ಸಾಂಪ್ರದಾಯಿಕ ಕಪ್ಪು ಬಣ್ಣವನ್ನು ಬೇಕೆಂದಾಗ ಕೆರೆದು ಮತ್ತೆ ಬಳಿಯಬಹುದು.

ಚಕ್ರದ ಮೇಲೆ ಚಾಸಿ

ಸಿದ್ಧವಾದ ಚೌಕಟ್ಟಿಗೆ ಮೊದಲು ಸ್ಪ್ರಿಂಗುಗಳು, ಆಕ್ಸಲ್‌ಗಳು, ಬ್ರೇಕು, ಸ್ಟೀರಿಂಗ್ ಹಾಗೂ ಚಕ್ರಗಳು ಸೇರುತ್ತವೆ. ಮುಂದೆಯೂ ಹಿಂದೆಯೂ ಇರುವುದು ಲಾರಿಗಳಲ್ಲಿ ಕಾಣುವಂತಹ ಪಟ್ಟಿ ಸ್ಪ್ರಿಂಗುಗಳೇ. ಹಿಂಬದಿಯ ಆಕ್ಸಲ್ ಶಾಫ್ಟುಗಳು ಮುರಿಯುವುದು ಟಿಸಿಯ ಹಳೆಯ ದೌರ್ಬಲ್ಯ. ಹೀಗಾಗಿ ಅವನ್ನು ತಪ್ಪದೆ ಪರೀಕ್ಷೆಗೆ ಒಳಪಡಿಸಿ, ಅನುಮಾನವಿದ್ದರೆ ಉತ್ತಮ ಉಕ್ಕಿನ ಹೊಸ ಶಾಫ್ಟುಗಳನ್ನು ಹಾಕಲಾಗುತ್ತದೆ.

19 ಇಂಚಿನ ಕಡ್ಡಿಚಕ್ರಗಳು ಈ ಕಾರಿನ ಅಂದ. ಚಕ್ರವನ್ನು ಹಲ್ಲುಗಳಿರುವ ಹಬ್ಬಿನ ಮೇಲೆ ತೂರಿಸಿ, ನಡುವೆ ಒಂದೇ ದೊಡ್ಡ ನಟ್ಟನ್ನು ಸುತ್ತಿಗೆಯಿಂದ ಬಡಿದು ಬಿಗಿಯುತ್ತಾರೆ. ಹಲ್ಲುಗಳು ಸವೆದಿದ್ದರೆ ಬ್ರೇಕು ಒತ್ತಿದಾಗ ‘ಟಕ್’ ಎಂಬ ಸದ್ದು ಕೇಳುತ್ತದೆ. ಅಂತಹ ಹಬ್ಬನ್ನು ಹೊಳಪು ಕೊಟ್ಟು ಮತ್ತೆ ಬಳಸುವುದು ಪ್ರಾಣಾಪಾಯಕ್ಕೆ ಆಹ್ವಾನ. ಹೈಡ್ರಾಲಿಕ್ ಬ್ರೇಕಿನ ರಬ್ಬರ್ ಕೊಳವೆಗಳು, ಸೀಲುಗಳು ನೋಡಲು ಚೆನ್ನಾಗಿದ್ದರೂ ಹೊಸದಾಗಲೇಬೇಕು. ಸುರಕ್ಷತೆಯ ಪ್ರಶ್ನೆ ಬಂದಾಗ ಹಳೆಯದರ ಮೋಹಕ್ಕೆ ಸ್ಥಾನವಿಲ್ಲ.

ಸ್ಟೀರಿಂಗಿನ ಕತೆ ಬೇರೆ. ಟಿಸಿಯ ಸ್ಟೀರಿಂಗ್ ಬಾಕ್ಸ್ ಸವೆದರೆ ಕಾರು ರಸ್ತೆಯಲ್ಲಿ ಅಲೆಯತೊಡಗುತ್ತದೆ. ನಂತರದ ಕಾಲದ ಬೇರೆ ಕಂಪನಿಯ ಬಾಕ್ಸನ್ನು ಅಳವಡಿಸಿ ಈ ತೊಂದರೆ ನೀಗಿಸಿಕೊಂಡವರು ಅನೇಕರಿದ್ದಾರೆ. ಮೂಲ ಬಾಕ್ಸನ್ನೇ ಸರಿಹೊಂದಿಸಿ ಉಳಿಸಿಕೊಂಡವರೂ ಇದ್ದಾರೆ. ಬದಲಾವಣೆ ಅನಿವಾರ್ಯವಾದಲ್ಲಿ ಚಾಸಿಗೆ ಹೊಸ ರಂಧ್ರ ಕೊರೆಯದೆ, ಮುಂದೊಂದು ದಿನ ಮೂಲಸ್ಥಿತಿಗೆ ಮರಳಿಸಬಹುದಾದ ರೀತಿಯಲ್ಲಿ ಮಾಡಿ, ಕಳಚಿದ ಭಾಗವನ್ನು ಕಾರಿನೊಂದಿಗೇ ಕಾಪಿಡುವುದು ಒಳ್ಳೆಯ ಸಂಪ್ರದಾಯ.

ಎಂಜಿನ್ ಮತ್ತು ಅದರ ವಿಚಿತ್ರ ಬೋಲ್ಟುಗಳು

ಟಿಸಿಯ ಎಂಜಿನ್ನಿಗೆ ಎಕ್ಸ್‌ಪಿಎಜಿ ಎಂದು ಹೆಸರು. 4 ಸಿಲಿಂಡರ್, 1,250 ಸಿಸಿ, 54 ಅಶ್ವಶಕ್ತಿ. ಇಂದಿನ ಸಾಧಾರಣ ಸಣ್ಣ ಕಾರಿಗೂ ಇದಕ್ಕಿಂತ ಹೆಚ್ಚಿನ ಶಕ್ತಿಯಿರುತ್ತದೆ. ಆದರೆ ಹಗುರವಾದ ಮೈಕಟ್ಟಿನಿಂದಾಗಿ ಆ ಕಾಲಕ್ಕೆ ಇದು ಚುರುಕಾಗಿತ್ತು.

ಹೊಸಬರನ್ನು ಬೇಸ್ತುಬೀಳಿಸುವುದು ಇದರ ಬೋಲ್ಟುಗಳು. ಮರೆ ಮೆಟ್ರಿಕ್ ಪದ್ಧತಿಯದು, ತಲೆ ಮಾತ್ರ ಬ್ರಿಟಿಷ್ ವಿಟ್‌ವರ್ತ್ ಅಳತೆಯದು. ಇದಕ್ಕೊಂದು ಇತಿಹಾಸವಿದೆ. ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆ ಕವೆಂಟ್ರಿಯಲ್ಲಿ ನಡೆಸುತ್ತಿದ್ದ ಎಂಜಿನ್ ಕಾರ್ಖಾನೆಯನ್ನು ಮಾರಿಸ್ 1923ರಲ್ಲಿ ಕೊಂಡರು. ಅಲ್ಲಿನ ಯಂತ್ರಗಳು ಮೆಟ್ರಿಕ್ ಮರೆ ಕೊರೆಯುವಂಥವು. ಇಂಗ್ಲೆಂಡಿನ ಗ್ಯಾರೇಜುಗಳಲ್ಲಿದ್ದ ಸ್ಪ್ಯಾನರ್‌ಗಳೋ ವಿಟ್‌ವರ್ತ್ ಅಳತೆಯವು. ಈ ಎರಡನ್ನೂ ಸರಿದೂಗಿಸಿದ ಫಲವೇ ಈ ಮಿಶ್ರ ಬೋಲ್ಟು. ಅಂಗಡಿಯಲ್ಲಿ ಸಿಕ್ಕ, ಹೆಚ್ಚುಕಡಿಮೆ ಅದೇ ಗಾತ್ರದ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಎಂಜಿನ್ ಬ್ಲಾಕಿನ ಮರೆಯೇ ಕಿತ್ತುಬರುತ್ತದೆ. ಹಳೆಯ ಬೋಲ್ಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ.

ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅದನ್ನು ಕಾಂತೀಯಗೊಳಿಸಿ ಮೇಲೆ ಕಬ್ಬಿಣದ ಸೂಕ್ಷ್ಮ ಪುಡಿ ಉದುರಿಸಿದರೆ ಬಿರುಕಿನ ಗುಂಟ ಪುಡಿ ಸಾಲುಗಟ್ಟುತ್ತದೆ. ಸಿಲಿಂಡರ್ ಹೆಡ್ಡಿಗೂ ಬಿರುಕಿನ ಪರೀಕ್ಷೆ ಅಗತ್ಯ.

ಇಂಧನದ ಸಮಸ್ಯೆ ಭಾರತದ ಮಾಲೀಕರಿಗೆ ನೇರವಾಗಿ ತಟ್ಟುವಂಥದು. ಸೀಸಬೆರೆತ ಪೆಟ್ರೋಲ್ ವಾಲ್ವ್ ಸೀಟುಗಳ ಸವೆತವನ್ನು ತಡೆಯುತ್ತಿತ್ತು. ದೇಶದಲ್ಲಿ ಅದರ ಮಾರಾಟ 2000ದಲ್ಲಿ ನಿಂತಿತು. ಆದ್ದರಿಂದ ಎಂಜಿನ್ ಬಿಚ್ಚಿದಾಗಲೇ ಗಟ್ಟಿ ಲೋಹದ ಸೀಟುಗಳನ್ನು ಕೂರಿಸುವುದುಂಟು. 2025ರಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ ತಲುಪಿತು. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನೂ ಕಾರ್ಬ್ಯುರೇಟರಿನ ಕಾರ್ಕ್ ಸೀಲುಗಳನ್ನೂ ಹಾಳುಗೆಡವುತ್ತದೆ, ತೇವಾಂಶವನ್ನು ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ಎಥನಾಲ್ ತಾಳಿಕೊಳ್ಳುವ ಕೊಳವೆ ಮತ್ತು ಸೀಲುಗಳನ್ನು ಹಾಕುವುದು, ದೀರ್ಘಕಾಲ ಓಡಿಸದಿದ್ದರೆ ಟ್ಯಾಂಕ್ ಬರಿದು ಮಾಡುವುದು ಇದಕ್ಕೆ ಪರಿಹಾರ.

ಮರದ ಹಂದರ

ಟಿಸಿಯ ಬಾಗಿಲು, ಬದಿ, ಬೆನ್ನು ಎಲ್ಲವೂ ಆಶ್ ಮರದ ಹಂದರಕ್ಕೆ ಹೊದಿಸಿದ ಉಕ್ಕಿನ ತಗಡುಗಳು. ಆಶ್ ಹಗುರವಾದರೂ ಪೆಟ್ಟು ತಾಳುವ, ಬಾಗುವ ಗುಣವುಳ್ಳ ಮರ. ಅದರ ಶತ್ರು ನೀರು. ಕೆಳಗಿನ ಪಟ್ಟಿಗಳೂ ಬಾಗಿಲು ನೇತಾಡುವ ಕಂಬಗಳ ಬುಡವೂ ಮೊದಲು ಕೊಳೆಯುತ್ತವೆ. ಮೇಲೆ ತಗಡು ಇರುವುದರಿಂದ ಹೊರಗೆ ಏನೂ ತಿಳಿಯದು.

ಇಲ್ಲಿ ಮೆಕ್ಯಾನಿಕ್‌ಗಿಂತ ಬಡಗಿಯ ಕೈಚಳಕ ಮುಖ್ಯ. ಇಡೀ ಹಂದರವನ್ನು ಸಿದ್ಧವಾಗಿ ತರಿಸಿಕೊಳ್ಳಬಹುದು. ಆದರೆ ಕೊಳೆತ ತುಂಡನ್ನಷ್ಟೇ ಕತ್ತರಿಸಿ, ಓರೆ ಸಂದು ಹಾಕಿ ಹೊಸ ಮರ ಕೂಡಿಸಿದರೆ ಗಟ್ಟಿಯಾಗಿರುವ ಮೂಲ ಮರ ಉಳಿಯುತ್ತದೆ.

ಕ್ರಮ ತಪ್ಪಿದರೆ ಶ್ರಮ ವ್ಯರ್ಥವಾಗುವ ಹಂತ ಇದು. ಮೈಕಟ್ಟನ್ನು ಹೊಂದಿಸುವ ಮೊದಲು ಚಾಸಿ ತನ್ನ ಚಕ್ರಗಳ ಮೇಲೆ, ಎಂಜಿನ್ ಹಾಗೂ ಗೇರ್‌ಬಾಕ್ಸ್‌ಗಳ ಭಾರ ಹೊತ್ತು ನಿಂತಿರಬೇಕು. ಭಾರ ಬಿದ್ದಾಗ ಚೌಕಟ್ಟು ತುಸು ಬಾಗುತ್ತದೆ. ಸ್ಟ್ಯಾಂಡ್ ಮೇಲಿದ್ದಾಗ ಅಚ್ಚುಕಟ್ಟಾಗಿ ಕೂತಿದ್ದ ಬಾಗಿಲು ಕಾರು ನೆಲಕ್ಕಿಳಿದ ಮೇಲೆ ಮುಚ್ಚದೇ ಹೋಗಬಹುದು. ಟಿಸಿಯ ಬಾಗಿಲುಗಳ ಕೀಲು ಹಿಂಬದಿಯಲ್ಲಿವೆ. ಸರಿಯಾಗಿ ಮುಚ್ಚದ ಬಾಗಿಲು ಓಡುವಾಗ ಗಾಳಿಗೆ ಅಗಲವಾಗಿ ತೆರೆದುಕೊಳ್ಳುವುದರಿಂದ ಇದು ಕೇವಲ ಅಂದದ ವಿಷಯವಲ್ಲ. ಎಲ್ಲ ತಗಡುಗಳನ್ನೂ ಒಮ್ಮೆ ಬಣ್ಣವಿಲ್ಲದೆ ಜೋಡಿಸಿ ನೋಡಿ, ಸಂದುಗಳನ್ನು ಸರಿಪಡಿಸಿ, ಮತ್ತೆ ಬಿಚ್ಚಿದ ಮೇಲೆಯೇ ಬಣ್ಣದ ಮಾತು. ಸಂದಿನ ದೋಷವನ್ನು ಪುಟ್ಟಿ ಮೆತ್ತಿ ಮುಚ್ಚಿದರೆ ಮರದ ಅಲುಗಾಟಕ್ಕೆ ಅದು ಬೇಗನೆ ಬಿರಿಯುತ್ತದೆ.

ಕೊನೆಯಲ್ಲಿ ವಿದ್ಯುತ್ ತಂತಿಗಳು. ಟಿಸಿಯದು 12 ವೋಲ್ಟ್ ವ್ಯವಸ್ಥೆಯಾದರೂ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಜೋಡಿಸಲಾಗಿರುತ್ತದೆ. ಇಂದಿನ ಕಾರುಗಳಲ್ಲಿ ಇದಕ್ಕೆ ತದ್ವಿರುದ್ಧ. ಇದನ್ನು ಗಮನಿಸದೆ ಹೊಸ ಕಾಲದ ಉಪಕರಣ ಜೋಡಿಸಿದರೆ ಅದು ಸುಟ್ಟುಹೋಗುವ ಸಂಭವವಿದೆ.

ಎಷ್ಟು ಬದಲಿಸಿದರೆ ಬೇರೆ ಕಾರು?

ಲಂಡನ್ನಿನ ಹೈಕೋರ್ಟಿನಲ್ಲಿ 1990ರಲ್ಲಿ ಇತ್ಯರ್ಥವಾದ ಪ್ರಕರಣವೊಂದು ಈ ಪ್ರಶ್ನೆಗೆ ಸಂಬಂಧಿಸಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ವಿವಾದಕ್ಕೆ ಒಳಗಾದದ್ದು ‘ಓಲ್ಡ್ ನಂಬರ್ ಒನ್’ ಎಂದೇ ಹೆಸರಾದ ಬೆಂಟ್ಲಿ ಸ್ಪೀಡ್ ಸಿಕ್ಸ್. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆ ಗೆದ್ದಿದ್ದ ಕಾರಿದು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಭೀಕರ ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ಮೃತಪಟ್ಟರು. ಆ ಬಳಿಕ ಕಾರನ್ನು ಬೇರೆ ರೂಪದಲ್ಲಿ ಮತ್ತೆ ಕಟ್ಟಲಾಯಿತು. ಕಾಲಕ್ರಮದಲ್ಲಿ ಅದರ ಭಾಗಗಳು ಒಂದೊಂದಾಗಿ ಬದಲಾಗುತ್ತ ಹೋದವು.

ಈ ಕಾರನ್ನು 1 ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಸಂಸ್ಥೆಯು, ಇದು ಲೆ ಮಾನ್ಸ್ ಗೆದ್ದ ಕಾರೇ ಅಲ್ಲ ಎಂದು ವಾದಿಸಿ ಹಿಂದೆ ಸರಿಯಿತು. ನ್ಯಾಯಮೂರ್ತಿ ಆಟನ್ ಅವರ ತೀರ್ಪು ಮಾರಾಟಗಾರರ ಪರವಾಗಿ ಬಂದಿತು. ಹಳೆಯ ಭಾಗಗಳು ಬಹಳ ಉಳಿದಿಲ್ಲವೆಂಬುದು ನಿಜವಾದರೂ, ಕಾರು ಎಂದೂ ಇಲ್ಲವಾಗದೆ ಒಂದೇ ಕಾರಾಗಿ ಅವಿಚ್ಛಿನ್ನವಾಗಿ ಮುಂದುವರಿದು ಬಂದಿದೆ, ಆದ್ದರಿಂದ ಅದು ಅಧಿಕೃತ ಓಲ್ಡ್ ನಂಬರ್ ಒನ್ ಎಂಬುದು ತೀರ್ಪಿನ ಸಾರ. ಬರಿಯ ಲೋಹದ ಲೆಕ್ಕವಲ್ಲ, ತುಂಡಾಗದ ಇತಿಹಾಸವೂ ಗಣನೆಗೆ ಬರುತ್ತದೆ ಎಂಬುದನ್ನು ಈ ತೀರ್ಪು ಸ್ಪಷ್ಟಪಡಿಸಿತು. ಆ ಇತಿಹಾಸವನ್ನು ಸಾಬೀತುಪಡಿಸುವುದು ದಾಖಲೆಗಳೇ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಸಂರಕ್ಷಣೆಗೆ ಆದ್ಯತೆ, ಕೈಗೊಂಡ ಕೆಲಸದ ಕ್ರಮಬದ್ಧ ದಾಖಲೆ ಹಾಗೂ ಮಿತವಾದ ಬದಲಾವಣೆಯನ್ನು ಪ್ರತಿಪಾದಿಸುತ್ತದೆ. ಬ್ರಿಟನ್ನಿನ ನೋಂದಣಿ ಸಂಸ್ಥೆಯು ತೀವ್ರವಾಗಿ ಮಾರ್ಪಟ್ಟ ವಾಹನಗಳಿಗೆ ಬಹುಕಾಲ ಅಂಕಪದ್ಧತಿಯನ್ನು ಅನುಸರಿಸಿತ್ತು. ಅದರಲ್ಲಿ ಚಾಸಿಗೆ 5 ಅಂಕ, ಎಂಜಿನ್ನಿಗೆ ಬರಿಯ 1 ಅಂಕ! ಹಳೆಯ ಗುರುತು ಉಳಿಯಲು ಚಾಸಿಯ ಅಂಕಗಳೂ ಸೇರಿ ಕನಿಷ್ಠ 8 ಅಂಕ ಬೇಕಿತ್ತು. 2025ರ ಆಗಸ್ಟ್‌ನಲ್ಲಿ ಬ್ರಿಟನ್ ತನ್ನ ನಿಯಮಗಳನ್ನು ಸಡಿಲಿಸಿ, ಮೂಲದಂತೆಯೇ ಮಾಡಿದ ದುರಸ್ತಿ ಹಾಗೂ ಜೀರ್ಣೋದ್ಧಾರಗಳನ್ನು ವರದಿ ಮಾಡುವ ಅಗತ್ಯವನ್ನು ತೆಗೆದುಹಾಕಿತು.

ಭಾರತದಲ್ಲಿ ನಿಯಮವೇನು?

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ ರೂಪಿಸಿತು. ಅದರ ಮುಖ್ಯಾಂಶಗಳು ಹೀಗಿವೆ:

* ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಅರ್ಹ.

* ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು.

* ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ.

* ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುತ್ತವೆ. ಕರ್ನಾಟಕದಲ್ಲಿ ಅದು ‘ಕೆಎ ವಿಎ’ ಎಂದು ಆರಂಭವಾಗುತ್ತದೆ.

* ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಿಕೆಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆಗಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ಅವಕಾಶವಿಲ್ಲ.

ಎರಡನೆಯ ಅಂಶವೇ ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಓದಿಕೊಳ್ಳಬೇಕಾದದ್ದು. ಹೆಚ್ಚು ಶಕ್ತಿಯ ಹೊಸ ಎಂಜಿನ್ ಕೂರಿಸಲು ಚಾಸಿಯನ್ನು ಕತ್ತರಿಸಿದರೆ ಲಕ್ಷಾಂತರ ರೂಪಾಯಿ ಸುರಿದ ಕಾರು ವಿಂಟೇಜ್ ಪಟ್ಟಿಯಿಂದಲೇ ಹೊರಗುಳಿಯಬಹುದು. ಅದೇ ಜಾಗಕ್ಕೆ, ಅದೇ ಅಳತೆಯ ಉಕ್ಕು ಹಾಕಿದ್ದು ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂದು ತೋರಿಸಿಕೊಡಲು ಕೆಲಸಕ್ಕೆ ಮುನ್ನ ಹಾಗೂ ನಂತರ ತೆಗೆದ ಚಿತ್ರಗಳು, ಅಳತೆಯ ಪಟ್ಟಿಗಳು, ಬಿಲ್ಲುಗಳು ನೆರವಿಗೆ ಬರುತ್ತವೆ.

ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚಿತು. 2019ರಿಂದ ಭಾರತದ ರಸ್ತೆಗಳಲ್ಲಿ ಕಾಣುತ್ತಿರುವ ಎಂಜಿ ಕಾರುಗಳಿಗೆ ಹಳೆಯ ಹೆಸರೂ ಎಂಟು ಮೂಲೆಯ ಲಾಂಛನವೂ ಬಂದಿವೆಯೇ ಹೊರತು ಅಬಿಂಗ್ಡನ್ನಿನ ಕಾರ್ಖಾನೆಯಲ್ಲ. ಹೀಗಾಗಿ ಉಳಿದಿರುವ ಪ್ರತಿಯೊಂದು ಟಿಸಿಯೂ ಆ ಕಾರ್ಖಾನೆಯ ಕೆಲಸಗಾರಿಕೆಗೆ ಸಾಕ್ಷಿ. ಬಣ್ಣವನ್ನು ಮತ್ತೆ ಬಳಿಯಬಹುದು, ಕ್ರೋಮ್ ಹೊಳಪನ್ನು ಮತ್ತೆ ತರಿಸಬಹುದು. 1940ರ ದಶಕದಲ್ಲಿ ಅಲ್ಲಿಯ ಕೆಲಸಗಾರ ಒತ್ತಿದ ಅಂಕಿಗಳನ್ನು, ಬಿಗಿದ ಬೋಲ್ಟನ್ನು, ಜೋಡಿಸಿದ ಮರವನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಪಡೆಯಲಾಗದು. ಉಳಿಸಬಹುದಾದುದನ್ನು ಗುರುತಿಸಿ ಉಳಿಸುವವರೇ ಈ ಕೆಲಸದಲ್ಲಿ ನಿಪುಣರೆನಿಸುತ್ತಾರೆ.

ಎಂಜಿ ಟಿಸಿ: ಸಂಕ್ಷಿಪ್ತ ವಿವರ

ತಯಾರಿಕೆ: 1945–1949, ಅಬಿಂಗ್ಡನ್, ಇಂಗ್ಲೆಂಡ್
ಒಟ್ಟು ಕಾರುಗಳು: ಸುಮಾರು 10,000
ಎಂಜಿನ್: ಎಕ್ಸ್‌ಪಿಎಜಿ, 4 ಸಿಲಿಂಡರ್, 1,250 ಸಿಸಿ
ಸಿಲಿಂಡರ್ ಅಳತೆ: ವ್ಯಾಸ 66.5 ಮಿ.ಮೀ., ಸ್ಟ್ರೋಕ್ 90 ಮಿ.ಮೀ.
ಶಕ್ತಿ: 54 ಅಶ್ವಶಕ್ತಿ
ಕಾರ್ಬ್ಯುರೇಟರ್: 2, ಎಸ್‌ಯು
ಗೇರುಗಳು: 4
ಚಕ್ರಗಳು: 19 ಇಂಚಿನ ಕಡ್ಡಿಚಕ್ರ
ಬ್ರೇಕು: ಹೈಡ್ರಾಲಿಕ್, ನಾಲ್ಕೂ ಚಕ್ರಗಳಿಗೆ 9 ಇಂಚಿನ ಡ್ರಮ್
ಮೈಕಟ್ಟು: ಆಶ್ ಮರದ ಹಂದರ, ಉಕ್ಕಿನ ತಗಡಿನ ಹೊದಿಕೆ